ಉದುರಿದ ಹಲ್ಲಿಗೆ ಬದಲಿ ಹಲ್ಲು

ಸ್ಪೀಡೋಮೀಟರಿನ ಮುಳ್ಳು ಎಂಬತ್ತರ ಮೇಲೆ ನಿಂತಿದೆ. ಕಾರು ತುಮಕೂರು ರಸ್ತೆಯಲ್ಲಿ ಹಾಯಾಗಿ ಓಡುತ್ತಿದೆ. ಮುಳ್ಳಿನ ಕೆಳಗಿನ ಕಿಲೋಮೀಟರ್ ಅಂಕಿ ಮಾತ್ರ ಅಲ್ಲಾಡುವುದಿಲ್ಲ. ಎಂಬತ್ತು–ತೊಂಬತ್ತರ ದಶಕದ ಐರೋಪ್ಯ ಕಾರು ಇಟ್ಟುಕೊಂಡವರಿಗೆ ಈ ಕಾಯಿಲೆ ಹೊಸದಲ್ಲ. ಬಿಎಂಡಬ್ಲ್ಯು ಇ30, ಪೋರ್ಷೆ 944, ವೋಲ್ವೋ 240 ಎಲ್ಲದರಲ್ಲೂ ಇದೇ ಕಥೆ. ಮುಳ್ಳನ್ನು ಆಡಿಸುವುದು ವಿದ್ಯುತ್ ಸಂಕೇತ. ಅಂಕಿಯ ಚಕ್ರಗಳನ್ನು ತಿರುಗಿಸುವುದು ಒಂದು ಪುಟ್ಟ ಮೋಟಾರು ಮತ್ತು ಅದಕ್ಕೆ ಹೊಂದಿಕೊಂಡ ಪ್ಲಾಸ್ಟಿಕ್ ಗೇರುಗಳು. ಅವುಗಳಲ್ಲಿ ಒಂದರ ಹಲ್ಲು ಉದುರಿದರೂ ಸಾಕು, ಲೆಕ್ಕ ಅಲ್ಲಿಗೇ ನಿಂತಿತು.

ಹಾಗೆ ನಿಂತ ಲೆಕ್ಕದಿಂದ ಲಾಭ ಮಾಡಿಕೊಳ್ಳುವವರೂ ಇದ್ದಾರೆ. ‘ಬರೀ ಅರವತ್ತು ಸಾವಿರ ಓಡಿದೆ ಸಾರ್, ಡಾಕ್ಟರ ಗಾಡಿ’ ಎಂದು ದಲ್ಲಾಳಿ ಹೇಳಿದರೆ ಮೊದಲು ಒಂದೆರಡು ಕಿಲೋಮೀಟರ್ ಓಡಿಸಿ ಅಂಕಿ ಕದಲುತ್ತದೆಯೇ ನೋಡಬೇಕು. ಡಾಕ್ಟರು ನಿಜವೇ ಇರಬಹುದು, ಅರವತ್ತು ಸಾವಿರವೂ ಒಂದು ಕಾಲಕ್ಕೆ ನಿಜವೇ ಆಗಿದ್ದಿರಬಹುದು.

ವಿಚಿತ್ರವೆಂದರೆ, 1930ರ ದಶಕದ ಕಾರನ್ನು ಓಡುವ ಸ್ಥಿತಿಯಲ್ಲಿಡುವುದು ಈ ವಿಷಯದಲ್ಲಿ ಸುಲಭ. ಧರ್ಮಸ್ಥಳದ ಕಾರು ಸಂಗ್ರಹದಲ್ಲಿ ನಿಂತಿರುವಂಥ ಗಾಡಿಗಳ ಒಳಗಿರುವುದು ಬಹುಪಾಲು ಉಕ್ಕು, ಹಿತ್ತಾಳೆ, ಕಂಚು. ಲೋಹದ ಗೇರು ಸವೆದರೂ ಅದರ ಆಕಾರ ಉಳಿದಿರುತ್ತದೆ. ಒಳ್ಳೆಯ ಟರ್ನರ್ ಅದನ್ನು ನೋಡಿ ಇನ್ನೊಂದನ್ನು ಕಡೆದುಕೊಡುತ್ತಾನೆ. ಪ್ಲಾಸ್ಟಿಕ್ ಗೇರು ಪುಡಿಯಾಗುತ್ತದೆ, ಇಲ್ಲವೇ ಅಂಟಂಟಾಗುತ್ತದೆ. ನಕಲು ಮಾಡಲು ಅಸಲೇ ಕೈಗೆ ಸಿಗುವುದಿಲ್ಲ. ಜೊತೆಗೆ ಈ ಕಾರುಗಳ ವಯಸ್ಸೂ ಎಡವಟ್ಟಿನದು. ನಮ್ಮಲ್ಲಿ 2021ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಐವತ್ತು ವರ್ಷ ದಾಟಬೇಕು. ಬೆಂಜ್ ಕಂಪನಿ 1995ರಲ್ಲಿ ಪುಣೆಯಲ್ಲಿ ಜೋಡಿಸಲು ಆರಂಭಿಸಿದ ಡಬ್ಲ್ಯು124 ಆ ಗೌರವಕ್ಕೆ ಇನ್ನೂ ಬಹಳ ಕಾಲ ಕಾಯಬೇಕು, ಶೋರೂಮಿನವರ ಕಣ್ಣಿಗೆ ಅದು ಆಗಲೇ ಮುದುಕ.

ಹಾಗೆಂದು ಪ್ಲಾಸ್ಟಿಕ್ಕನ್ನು ಬೈಯುವುದು ನ್ಯಾಯವಲ್ಲ. ಡೆಲ್ರಿನ್ ಎಂಬ ಹೆಸರಿನಲ್ಲಿ ಡ್ಯುಪಾಂಟ್ ಕಂಪನಿ 1960ರ ಹೊತ್ತಿಗೆ ಮಾರುಕಟ್ಟೆಗೆ ತಂದ ಅಸಿಟಲ್, ಅದಕ್ಕೂ ಮುಂಚೆ ಬಂದ ನೈಲಾನ್, ಇವೆರಡೂ ಗೇರಿಗೆ ಹೇಳಿ ಮಾಡಿಸಿದ ವಸ್ತುಗಳು. ಸದ್ದಿಲ್ಲ, ಎಣ್ಣೆ ಬೇಡ, ಅಚ್ಚಿನಲ್ಲಿ ಸಾವಿರಗಟ್ಟಲೆ ಸುರಿಯಬಹುದು. ಏನಾದರೂ ಸಿಕ್ಕಿಕೊಂಡಾಗ ಮೋಟಾರು ಸುಡುವ ಬದಲು ಗೇರು ಮುರಿಯುವುದೂ ಒಂದು ಉಪಕಾರವೇ. ಕಾರಿನ ಒಡೆಯನಿಗೆ ಸದ್ದು ಕೇಳಿಸಬಾರದೆಂದು ದುಬಾರಿ ಕಾರಿನಲ್ಲಿ ಇವು ಹೆಚ್ಚೇ ಇರುತ್ತವೆ: ಸೀಟಿನಲ್ಲಿ, ಕನ್ನಡಿಯಲ್ಲಿ, ಸನ್‌ರೂಫಿನಲ್ಲಿ, ಏಸಿಯ ಗಾಳಿ ತಿರುಗಿಸುವ ಪುಟ್ಟ ಬಾಗಿಲುಗಳಲ್ಲಿ. ರೇಡಿಯೋ ಹಾಕಿದೊಡನೆ ತಾನಾಗಿ ಮೇಲೇಳುತ್ತಿದ್ದ ಆಂಟೆನಾ ನೆನಪಿದೆಯೇ? ಅದನ್ನು ಎತ್ತುತ್ತಿದ್ದುದೂ ಹಲ್ಲುಗಳಿರುವ ನೈಲಾನ್ ಹಗ್ಗ.

ತೊಂದರೆ ಇರುವುದು ಮಾರುವ ರೀತಿಯಲ್ಲಿ. ಕಂಪನಿಯ ಪಟ್ಟಿಯಲ್ಲಿ ಗೇರಿಗೆ ನಂಬರೇ ಇರುವುದಿಲ್ಲ, ಇರುವುದು ‘ಅಸೆಂಬ್ಲಿ’ಗೆ. 2003ರಲ್ಲಿ ಬಂದ ಬಿಎಂಡಬ್ಲ್ಯು ಎಕ್ಸ್3 ಗಾಡಿಯಲ್ಲಿ ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯ ಮೇಲೊಂದು ಸರ್ವೋ ಮೋಟಾರಿದೆ. ಅದರೊಳಗಿನ ಪ್ಲಾಸ್ಟಿಕ್ ಗೇರು ಸವೆದರೆ ಮೀಟರ್ ಬೋರ್ಡಿನಲ್ಲಿ ಎಬಿಎಸ್ ದೀಪವೂ ಸೇರಿ ಮೂರು ದೀಪ ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಒಡೆಯನ ಎದೆ ಧಸಕ್ಕೆನ್ನುತ್ತದೆ. ಸರ್ವೀಸ್ ಸೆಂಟರಿನಲ್ಲಿ ಇಡೀ ಮೋಟಾರು ಬದಲಿಸಿ ಎನ್ನುತ್ತಾರೆ. ಗೇರನ್ನಷ್ಟೇ ಮಾರುವವರು ಹೊರಗಿನ ಸಣ್ಣ ತಯಾರಕರು. ಸಾಮಾನ್ಯ ಮಾದರಿಗಳಿಗೆ ಇಂಥ ಬಿಡಿ ಗೇರು ವಿದೇಶದಿಂದ ಲಕೋಟೆಯಲ್ಲಿ ಬರುತ್ತದೆ. ಗೇರಿಗಿಂತ ಅಂಚೆ ಖರ್ಚು ಹೆಚ್ಚಾದರೂ ಅಸೆಂಬ್ಲಿಯ ಬೆಲೆಯ ಮುಂದೆ ಅದು ಲೆಕ್ಕಕ್ಕಿಲ್ಲ.

ಅಪರೂಪದ ಮಾದರಿಯಾದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಹತ್ತಿಳಿಯಬೇಕು, ಗುಜರಿ ನೋಡಬೇಕು. ಗುಜರಿಯ ಮೀಟರಿಗೆ ದುಡ್ಡು ಕೊಡುವ ಮುಂಚೆ ಒಂದು ಮಾತು: ಅದರ ಗೇರಿಗೂ ನಿಮ್ಮದರಷ್ಟೇ ವಯಸ್ಸು. ಇವತ್ತು ತಿರುಗಿದ್ದು ಮುಂದಿನ ಬೇಸಿಗೆಗೆ ಪುಡಿಯಾದರೆ ಆಶ್ಚರ್ಯವಿಲ್ಲ. ಇನ್ನೊಂದು, ಮುರಿದಿರುವುದು ಗೇರೇ ಎಂದು ಖಾತ್ರಿ ಮಾಡಿಕೊಳ್ಳಿ. ಹಳೆಯ ಬೆಂಜ್ ಮೀಟರುಗಳಲ್ಲಿ ಎಷ್ಟೋ ಸಲ ಗೇರು ಸರಿಯಾಗೇ ಇದ್ದು, ಸರಳಿನ ಮೇಲೆ ಸಡಿಲಗೊಂಡು ಸುಮ್ಮನೆ ಜಾರುತ್ತಿರುತ್ತದೆ. ಅಲ್ಲಿ ಬೇಕಿರುವುದು ಹೊಸ ಗೇರಲ್ಲ, ಅದನ್ನು ಸರಳಿಗೆ ಬಿಗಿ ಮಾಡುವ ಕೈ.

ಎಲ್ಲೂ ಸಿಗದಿದ್ದರೆ ಮಾಡಿಸುವುದೊಂದೇ ದಾರಿ. ಅದಕ್ಕೆ ಬೇಕಾದ ಗಣಿತ ಹೈಸ್ಕೂಲಿನದು. ಗೇರಿನ ಹಲ್ಲಿನ ಗಾತ್ರಕ್ಕೆ ಮಾಡ್ಯೂಲ್ ಎನ್ನುತ್ತಾರೆ. ಸಾಮಾನ್ಯ ನೇರ ಹಲ್ಲಿನ ಗೇರಿನ ಹೊರವ್ಯಾಸವನ್ನು ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಭಾಗಿಸಿದರೆ ಅದು ಸಿಗುತ್ತದೆ. 25 ಹಲ್ಲು, 13.5 ಮಿಲಿಮೀಟರ್ ಹೊರವ್ಯಾಸವಾದರೆ 13.5ನ್ನು 27ರಿಂದ ಭಾಗಿಸಿ: 0.5. ಆದರೆ ಬಿರುಕು ಬಿಟ್ಟ ಗೇರನ್ನು ಅಳೆದರೆ ಮೋಸ ಹೋಗುತ್ತೀರಿ, ಬಿರುಕು ಬಾಯಿ ತೆರೆದು ವ್ಯಾಸ ಹಿಗ್ಗಿರುತ್ತದೆ. ಅದಕ್ಕೇ ಅದರ ಜೊತೆ ತಿರುಗುವ, ಇನ್ನೂ ಗಟ್ಟಿಯಾಗಿರುವ ಗೇರನ್ನು ಅಳೆಯಬೇಕು. ಒಂದಕ್ಕೊಂದು ಕೂಡುವ ಗೇರುಗಳ ಮಾಡ್ಯೂಲ್ ಒಂದೇ ಇರಲೇಬೇಕಲ್ಲ.

ಗೇರು ಪೂರ್ತಿ ಪುಡಿಯಾಗಿದ್ದರೂ ಕೈಚೆಲ್ಲಬೇಕಿಲ್ಲ. ಎರಡು ಸರಳುಗಳ ನಡುವಿನ ದೂರ ಅಳೆಯಿರಿ. ಆ ದೂರವನ್ನು ಇಮ್ಮಡಿ ಮಾಡಿ ಮಾಡ್ಯೂಲಿನಿಂದ ಭಾಗಿಸಿದರೆ ಎರಡೂ ಗೇರುಗಳ ಒಟ್ಟು ಹಲ್ಲು ಬರುತ್ತದೆ. ದೂರ 10 ಮಿಲಿಮೀಟರ್, ಮಾಡ್ಯೂಲ್ 0.5 ಎಂದಿಟ್ಟುಕೊಳ್ಳಿ, ಒಟ್ಟು 40. ಉಳಿದಿರುವ ಗೇರಿನಲ್ಲಿ 15 ಹಲ್ಲಿದ್ದರೆ ಕಾಣೆಯಾದದ್ದರಲ್ಲಿ 25 ಇತ್ತು. ನನಗಂತೂ ಇಡೀ ಹುಡುಕಾಟದಲ್ಲಿ ಅತಿ ಖುಷಿ ಕೊಡುವ ಘಳಿಗೆ ಇದು. ಒಂದು ಹಲ್ಲು ತಪ್ಪಾಗಿ ಎಣಿಸಿದರೆ ಗೇರು ಸರಿಯಾಗಿ ಕೂರುವುದಿಲ್ಲ. ಹೇಗೋ ಕೂರಿಸಿದರೂ ಕಿಲೋಮೀಟರ್ ಲೆಕ್ಕವೇ ತಪ್ಪುತ್ತದೆ.

ಈ ಅಳತೆ ಹಿಡಿದು ಪೀಣ್ಯದಂಥ ಕಡೆ ಗೇರ್ ಕಟಿಂಗ್ ಮಾಡುವವರ ಬಳಿ ಹೋದರೆ ಮೊದಲ ಉತ್ತರ ‘ಒಂದು ಪೀಸಿಗೆಲ್ಲ ಆಗಲ್ಲ’ ಎಂದೇ. ಅವರದೂ ತಪ್ಪಲ್ಲ, ಮಷೀನ್ ಹೊಂದಿಸುವ ಹೊತ್ತು ಒಂದು ಪೀಸಿಗೂ ಅಷ್ಟೇ, ಐವತ್ತಕ್ಕೂ ಅಷ್ಟೇ. ಅದೇ ಮಾದರಿಯ ಕಾರಿರುವ ನಾಲ್ಕಾರು ಜನ ಸೇರಿ ಮಾಡಿಸಿದರೆ ಕೆಲಸವಾಗುತ್ತದೆ. ವಸ್ತುವಾಗಿ ಅಸಿಟಲ್ ರಾಡ್ ಕೇಳಿ; ನೈಲಾನ್ ತೇವ ಹೀರಿ ಉಬ್ಬುತ್ತದೆ, ಅರ್ಧ ಮಾಡ್ಯೂಲಿನ ಗೇರಿಗೆ ಅಷ್ಟು ಉಬ್ಬೂ ಹೆಚ್ಚೇ. ‘ಹಿತ್ತಾಳೆಯಲ್ಲೇ ಮಾಡಿಬಿಡೋಣ, ಜನ್ಮಕ್ಕೆ ಸವೆಯಲ್ಲ’ ಎನ್ನುವವರಿಗೆ ಕಿವಿಗೊಡಬೇಡಿ. ಅದು ಸವೆಯುವುದಿಲ್ಲ, ಪಕ್ಕದ ಪ್ಲಾಸ್ಟಿಕ್ ಗೇರನ್ನು ಸವೆಸುತ್ತದೆ. 3ಡಿ ಪ್ರಿಂಟ್ ಮಾಡಿಸುವುದಾದರೆ ಪುಡಿಯನ್ನು ಲೇಸರಿನಿಂದ ಬೆಸೆಯುವ ನೈಲಾನ್ ವಿಧಾನ ದೊಡ್ಡ ಹಲ್ಲಿಗೆ ಪರವಾಗಿಲ್ಲ. ಮೀಟರಿನ ಸೂಕ್ಷ್ಮ ಹಲ್ಲಿಗೆ ಅದರ ಮೈ ಒರಟು. ಸಾಮಾನ್ಯ ರೆಸಿನ್ ಪ್ರಿಂಟ್ ನುಣುಪಾಗಿರುತ್ತದೆ, ಆದರೆ ಬಿಸಿಲಿಗೆ ನಿಂತ ಕಾರಿನಲ್ಲಿ ಬಾಳುವುದಿಲ್ಲ.

ದೊಡ್ಡ ಕಂಪನಿಗಳಿಗೂ ಈ ದಾರಿ ಗೊತ್ತು. ಕೇವಲ 292 ತಯಾರಾದ 959 ಮಾದರಿಗೆ ಕ್ಲಚ್ ಲಿವರನ್ನು 3ಡಿ ಪ್ರಿಂಟ್ ಮಾಡಿ ಕೊಡುವುದಾಗಿ ಪೋರ್ಷೆ 2018ರಲ್ಲಿ ಪ್ರಕಟಿಸಿತ್ತು. ಕೋಟಿಗಳಲ್ಲಿ ಬೆಲೆಬಾಳುವ ಕಾರಿಗೆ ಸಿಗುವ ಆರೈಕೆ ಅದು. ಸಾಮಾನ್ಯ ಹಳೆಯ ಸೆಡಾನಿನ ಗೇರಿಗೆ ಅಷ್ಟು ಮುತುವರ್ಜಿಯನ್ನು ನಾನು ನಿರೀಕ್ಷಿಸುವುದಿಲ್ಲ.

ಹೊಸ ಗೇರು ಕೂರಿಸಿದ ಮೇಲೆ ಎಣ್ಣೆ ಸ್ಪ್ರೇ ಹೊಡೆಯಬೇಡಿ, ಸುತ್ತಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟೀತು. ಗಾಡಿ ಓಡುತ್ತಿರುವಾಗ ಟ್ರಿಪ್ ಮೀಟರಿನ ಗುಂಡಿ ಒತ್ತುವ ಅಭ್ಯಾಸವಿದ್ದರೆ ಬಿಡಿ, ಹಲ್ಲು ಉದುರಿಸುವುದಕ್ಕೆ ಅದೂ ಒಂದು ಸುಲಭದ ದಾರಿ. ರಿಪೇರಿಯ ತಾರೀಕು, ಅಂದಿನ ಅಂಕಿ, ಅದಕ್ಕೂ ಮುಂಚೆ ಮೀಟರ್ ಸುಮಾರು ಎಷ್ಟು ಕಾಲ ನಿಂತಿತ್ತು ಎಂಬುದನ್ನು ಸರ್ವೀಸ್ ಪುಸ್ತಕದಲ್ಲಿ ಬರೆದಿಡಿ. ನಾಳೆ ಗಾಡಿ ಕೊಳ್ಳಲು ಬರುವವರು ಮೊದಲು ಕೇಳುವುದೇ ಅದನ್ನು.