ಈ ಸುದ್ದಿ ನಿಮಗೆ ಹೇಳಿದವರು ಯಾರು?

ಕೆಲವು ವರ್ಷಗಳ ಹಿಂದೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಮಗುವಿನ ಫೋಟೊ ಬಂತು. 'ಈ ಮಗು ಕಾಣೆಯಾಗಿದೆ, ತಾಯಿ ಊಟ ಬಿಟ್ಟಿದ್ದಾಳೆ, ದಯವಿಟ್ಟು ಎಲ್ಲರಿಗೂ ಕಳಿಸಿ' ಎಂದಿತ್ತು. ಕೆಳಗೊಂದು ಫೋನ್ ನಂಬರ್. ನನಗೂ ಮಕ್ಕಳಿದ್ದಾರೆ, ಮನಸ್ಸು ತಡೆಯಲಿಲ್ಲ. ಶಾಲೆಯ ಗುಂಪಿಗೂ ಮಕ್ಕಳ ತಾಯಂದಿರ ಗುಂಪಿಗೂ ಕಳಿಸಿಬಿಟ್ಟೆ. ಮರುದಿನ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಫೋನ್ ಮಾಡಿದರು. ಅವರು ಆ ನಂಬರಿಗೆ ಕರೆ ಮಾಡಿ ವಿಚಾರಿಸಿದ್ದರಂತೆ. "ಟೀಚರ್, ಆ ಮಗು ಅದೇ ದಿನ ಸಂಜೆ ಸಿಕ್ಕಿತ್ತಂತೆ. ಅದಾಗಿ ಮೂರು ವರ್ಷ ಕಳೆದಿದೆಯಂತೆ. ಇನ್ನಾದರೂ ಕಳಿಸಬೇಡಿ ಎಂದು ಮಗುವಿನ ತಂದೆ ಕೈಮುಗಿದು ಹೇಳಿದರು" ಎಂದರು.

ನನಗೆ ನಾಚಿಕೆಯಾಯಿತು. ಏಕೆಂದರೆ ನಾನು ಮದ್ರಸದಲ್ಲಿ ಕಲಿತವಳು. ಹದೀಸ್ ಪಾಠದಲ್ಲಿ ನಮ್ಮ ಉಸ್ತಾದರು ಮೊದಲು ಕಲಿಸಿದ್ದೇ ಸನದ್ ಎಂದರೇನು ಎಂಬುದನ್ನು. ಒಂದು ಮಾತನ್ನು ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಆ ವ್ಯಕ್ತಿ ಸತ್ಯವಂತನೇ, ನೆನಪಿನ ಶಕ್ತಿ ಸರಿಯಿದ್ದವನೇ ಎಂದು ವಿದ್ವಾಂಸರು ಒಂದೊಂದು ಕೊಂಡಿಯನ್ನೂ ಪರೀಕ್ಷಿಸುತ್ತಿದ್ದರು. ನಡುವೆ ಒಂದು ಕೊಂಡಿ ಕಳಚಿದರೂ ಆ ವರದಿಯನ್ನು ದುರ್ಬಲವೆಂದು ಬದಿಗಿಡುತ್ತಿದ್ದರು. ಇದನ್ನು ಮಕ್ಕಳಿಗೆ ಪಾಠ ಮಾಡುವ ನಾನೇ, ಯಾರೆಂದು ತಿಳಿಯದವರ ಮಾತನ್ನು ಇನ್ನೂರು ಮನೆಗಳಿಗೆ ತಲುಪಿಸಿದ್ದೆ.

ನನ್ನ ತಪ್ಪಿನಿಂದ ಒಬ್ಬ ತಂದೆಗೆ ಕಿರಿಕಿರಿಯಾಯಿತು, ಅಷ್ಟೆ. ಆದರೆ ಇಂಥದೇ ತಪ್ಪಿನಿಂದ ಜೀವಗಳೂ ಹೋಗಿವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ದೇಶದ ಹಲವು ರಾಜ್ಯಗಳಲ್ಲಿ ಹರಡಿತ್ತು. ಜೊತೆಗೊಂದು ವೀಡಿಯೊ: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದ ಯಾವ ತಾಯಿಗೂ ಎದೆ ಝಲ್ಲೆನ್ನಬೇಕು. ವಾಸ್ತವದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜನರನ್ನು ಎಚ್ಚರಿಸಲು ತಯಾರಿಸಿದ ಚಿತ್ರ. ಮೂಲ ಚಿತ್ರದ ಕೊನೆಯಲ್ಲಿ ಅದೇ ಬೈಕ್ ಸವಾರರು ಮಗುವನ್ನು ಮರಳಿ ತಂದುಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದದ್ದನ್ನು ನಮ್ಮಂಥವರು ಹಂಚಿದೆವು.

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಅದೇ ರೀತಿ ಹತರಾದರು. ಅವರ ಜೊತೆಯಲ್ಲಿದ್ದ ಒಬ್ಬರು ಕತಾರ್‌ನಿಂದ ಬಂದವರು. ದಾರಿಯಲ್ಲಿ ಕಂಡ ಮಕ್ಕಳಿಗೆ ಅವರು ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಯಿತು. ಅವರು ಅಲ್ಲಿಂದ ಹೊರಟು ಮುಂದಿನ ಊರು ತಲುಪುವ ಮೊದಲೇ ಸುದ್ದಿ ವಾಟ್ಸಾಪ್‌ನಲ್ಲಿ ಅಲ್ಲಿಗೆ ತಲುಪಿತ್ತು. ಗಲ್ಫ್‌ನಿಂದ ಬಂದವರು ಮಕ್ಕಳ ಕೈಗೆ ಚಾಕೊಲೇಟ್ ಇಡುವುದು ನಮ್ಮ ಎಷ್ಟು ಮನೆಗಳ ರೂಢಿ! ಅದನ್ನು ನೆನೆದಾಗಲೆಲ್ಲ ನನಗೆ ನಮ್ಮವರ ಮುಖಗಳೇ ಕಣ್ಣ ಮುಂದೆ ಬರುತ್ತವೆ.

ಇದರಲ್ಲಿ ಕಂಪೆನಿಯ ಹೊಣೆ ಇಲ್ಲವೇ? ಖಂಡಿತ ಇದೆ ಎಂಬುದು ನನ್ನ ಅಭಿಪ್ರಾಯ. ವಾಟ್ಸಾಪ್ ಅನ್ನು 2014ರಲ್ಲಿ ಫೇಸ್‌ಬುಕ್ ಸುಮಾರು 1,900 ಕೋಟಿ ಡಾಲರ್‌ಗೆ ಖರೀದಿಸಿತು. ಅಷ್ಟು ಹಣ ಸುರಿದವರಿಗೆ, ಒಂದು ಸುಳ್ಳನ್ನು ಒಂದೇ ಸಲಕ್ಕೆ ನೂರಾರು ಮಂದಿಗೆ ಕಳಿಸಲು ಸಾಧ್ಯವಾದರೆ ಏನಾದೀತೆಂದು ಮೊದಲೇ ಯೋಚಿಸಲು ಆಗದೇ? ಮುರ್ಕಿಯ ಘಟನೆ ನಡೆದ ಕೆಲವೇ ದಿನಗಳ ಬಳಿಕ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹೇರುವುದಾಗಿ ಕಂಪೆನಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಈಗಾಗಲೇ ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂದು ನಿಯಮ ಮಾಡಿತು. ಅದರಿಂದ ಅಂಥ ಸಂದೇಶಗಳ ಹರಿದಾಟ ಶೇ. 70ರಷ್ಟು ಇಳಿಯಿತೆಂದು ಕಂಪೆನಿಯೇ ಹೇಳಿಕೊಂಡಿತು. ಅಂದರೆ ತಡೆಯಲು ಸಾಧ್ಯವಿತ್ತು. ಜೀವಗಳು ಹೋದ ಮೇಲೆ ತಡೆದರು.

ಆದರೂ ಕಂಪೆನಿ ಮಾಡಬಹುದಾದ್ದು ಅಷ್ಟೆ. ನಮ್ಮ ಸಂದೇಶಗಳನ್ನು ಕಳಿಸಿದವರು ಮತ್ತು ಪಡೆದವರು ಬಿಟ್ಟು ಮೂರನೆಯವರು, ಕಂಪೆನಿಯವರೂ ಕೂಡ, ಓದಲಾಗದಂಥ ವ್ಯವಸ್ಥೆ 2016ರಿಂದ ಇದೆ. ಗಂಡ ಹೆಂಡತಿಯ ಮಾತು ಪರರ ಕಿವಿಗೆ ಬೀಳಬಾರದು, ಆದ್ದರಿಂದ ಇದು ಒಳ್ಳೆಯದೇ. ಆದರೆ ಸುಳ್ಳು ಬಂದರೂ ಬಾಗಿಲಲ್ಲಿ ತಡೆಯುವ ಕಾವಲುಗಾರನಿಲ್ಲ. ಪೊಲೀಸರು ಬರುವುದು ಅನಾಹುತವಾದ ಮೇಲೆ. ನಡುವೆ ಉಳಿಯುವುದು ಫೋನ್ ಹಿಡಿದ ನಮ್ಮ ಬೆರಳು ಮಾತ್ರ.

ಹಾಗಾದರೆ ಫೋನನ್ನೇ ಬಿಸಾಡೋಣವೇ? ಇದು ಫಿತ್ನಾ ಎಂದು ಹೇಳುವ ಹಿರಿಯರಿದ್ದಾರೆ. ನಾನು ಒಪ್ಪುವುದಿಲ್ಲ. ದಮ್ಮಾಮ್‌ನಲ್ಲಿರುವ ಮಗನ ಮುಖವನ್ನು ಉಮ್ಮ ದಿನವೂ ನೋಡುವುದು ಇದರಲ್ಲೇ. ಶಾಲೆಗಳು ಮುಚ್ಚಿದ್ದ ಕೊರೋನಾ ದಿನಗಳಲ್ಲಿ ನಾನು ಪಾಠ ಮಾಡಿದ್ದೂ ಇದರಲ್ಲೇ. ಅನುಗ್ರಹವನ್ನು ಬಿಸಾಡಬೇಕಾಗಿಲ್ಲ, ಬಳಸಲು ಕಲಿಯಬೇಕು.

ಈಗ ಕಲಿಯುವ ಅಗತ್ಯ ಇನ್ನೂ ಹೆಚ್ಚಿದೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಒಬ್ಬರ ಧ್ವನಿಯ ತುಣುಕು ಸಿಕ್ಕರೆ ಅದೇ ಧ್ವನಿಯಲ್ಲಿ ಅವರು ಆಡದ ಮಾತನ್ನು ಆಡಿಸಬಲ್ಲವು. ಇಲ್ಲದ ಫೋಟೊ, ನಡೆಯದ ವೀಡಿಯೊ ತಯಾರಿಸಬಲ್ಲವು. 'ನಾನೇ ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ' ಎಂಬ ಮಾತಿಗೂ ಇನ್ನು ಮುಂದೆ ಸಾಕ್ಷಿ ಬೇಕು. ಮಗನ ಧ್ವನಿಯಲ್ಲಿ 'ಉಮ್ಮಾ, ಅಪಘಾತವಾಗಿದೆ, ಕೂಡಲೇ ಹಣ ಕಳಿಸಿ' ಎಂದು ಹೊಸ ನಂಬರಿನಿಂದ ಕರೆ ಬಂದರೆ, ಕರೆಯನ್ನು ಕಡಿದು, ನಿಮ್ಮಲ್ಲಿರುವ ಅವನ ಹಳೆಯ ನಂಬರಿಗೆ ನೀವೇ ಕರೆ ಮಾಡಿ. ಮೋಸ ಹೋಗಿ ಹಣ ಕಳಿಸಿಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಸಹೋದರಿಯರೇ, ಏನನ್ನಾದರೂ ಮುಂದೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳೋಣ. ಇದನ್ನು ಮೊದಲು ಹೇಳಿದವರು ಯಾರು? ಇದು ಎಂದಿನದು? ಇದು ಸುಳ್ಳಾಗಿದ್ದರೆ ಯಾರಿಗೆ ತೊಂದರೆ? ಉತ್ತರ ಸಿಗದಿದ್ದರೆ ನಮ್ಮಲ್ಲೇ ನಿಲ್ಲಲಿ. 'ಹತ್ತು ಮಂದಿಗೆ ಕಳಿಸಿದರೆ ಶುಭ ಸುದ್ದಿ ಬರುವುದು' ಎಂದು ಹದೀಸ್‌ನ ಹೆಸರಿನಲ್ಲಿ ಬರುವವುಗಳಿಗೂ ಇದೇ ನಿಯಮ.

ನಮ್ಮ ಮನೆಯಲ್ಲಿ ಈ ನಿಯಮವನ್ನು ಹೆಚ್ಚು ಪಾಲಿಸುವವರು ನನ್ನ ಅತ್ತೆ. ಅವರಿಗೆ ಓದಲು ಬರುವುದಿಲ್ಲ. ಗುಂಪಿನಲ್ಲಿ ಏನಾದರೂ ಬಂದರೆ ಮೊಮ್ಮಗಳಿಂದ ಓದಿಸಿಕೊಂಡು, ಧ್ವನಿ ಸಂದೇಶದಲ್ಲಿ ಒಂದೇ ಮಾತು ಕೇಳುತ್ತಾರೆ: "ಇದನ್ನು ನಿನಗೆ ಯಾರು ಹೇಳಿದ್ದು ಮಗಾ?" ಹೆಚ್ಚಿನ ಸಲ ಉತ್ತರ ಬರುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಳಿಸಿದವರು ಆ ಸಂದೇಶವನ್ನು ಅಳಿಸುತ್ತಾರೆ.