ಖಾಲಿ ಬಿಟ್ಟ ದಿನಾಂಕ, ತಪ್ಪಿಹೋಗುವ ಲಸಿಕೆ



ಕರು ಎಂದು ಹುಟ್ಟಿತು, ಆಕಳಿಗೆ ಕೃತಕ ಗರ್ಭಧಾರಣೆ ಎಂದು ಮಾಡಿಸಿದಿರಿ ಎಂದು ಕೇಳಿದರೆ, "ಏನಾದರೂ ಒಂದು ಬರಕೋರಿ ಸಾಹೇಬ್ರ" ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಕಿವಿಯೋಲೆಯ 12 ಅಂಕಿಗಳ ಜೊತೆಗೆ ಈ ದಿನಾಂಕಗಳೂ ಗಣಕಯಂತ್ರಕ್ಕೆ ಹೋಗುತ್ತವೆ. ಮೊದಲು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ 'ಇನಾಫ್' ವ್ಯವಸ್ಥೆ ಇತ್ತು, ಈಗ 'ಭಾರತ್ ಪಶುಧನ್' ಇದೆ. ಅಲ್ಲಿ ದಿನಾಂಕದ ಜಾಗ ಖಾಲಿ ಉಳಿದರೆ ನಷ್ಟ ಯಾರಿಗೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ತಮಗೆ ಗೊತ್ತಿದೆ. ಐದಾರು ತಿಂಗಳು ತುಂಬಿದ ಗಬ್ಬ ಬಿದ್ದುಹೋಗುತ್ತದೆ. ಕಾಯಿಸದ ಹಾಲಿನಿಂದಲೂ, ಕಂದು ಹಾಕಿದ ರಾಸಿನ ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ ಮನುಷ್ಯರಿಗೆ ಅಂಟುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ಇದಕ್ಕೆ ಹೆಣ್ಣುಗರುವಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಒಮ್ಮೆ ಲಸಿಕೆ ಹಾಕಬೇಕು. ಜೀವಮಾನಕ್ಕೆ ಒಂದೇ ಸಲ. ಕಾಲುಬಾಯಿ ಲಸಿಕೆಯಂತೆ ಆರು ತಿಂಗಳಿಗೆ ಮತ್ತೆ ಬರುವಂಥದ್ದಲ್ಲ.

ಈಗ ತೆಂಗಳಿಯಂಥ ಒಂದು ಊರಿನಲ್ಲಿ 60 ಹೆಣ್ಣುಗರುಗಳು ದಾಖಲಾಗಿವೆ ಎಂದು ಇಟ್ಟುಕೊಳ್ಳಿ. "4ರಿಂದ 8 ತಿಂಗಳಿನವನ್ನು ತೋರಿಸು" ಎಂದು ಗಣಕಯಂತ್ರವನ್ನು ಕೇಳಿದಾಗ 22 ಬಂದವು. "ಆ ವಯಸ್ಸಿನಲ್ಲಿ ಇಲ್ಲದವನ್ನು ತೋರಿಸು" ಎಂದಾಗ 29 ಬಂದವು. ಕೂಡಿಸಿದರೆ 51. ಉಳಿದ 9 ಎಲ್ಲಿ? ಅವುಗಳ ಹುಟ್ಟಿದ ದಿನಾಂಕ ಬರೆದಿಲ್ಲ. ದಿನಾಂಕವಿಲ್ಲದ ಕರುವಿನ ವಯಸ್ಸು ನಾಲ್ಕು ತಿಂಗಳು ದಾಟಿತೇ ಎಂದರೆ ಯಂತ್ರಕ್ಕೆ ಹೌದೆನ್ನಲೂ ಬರುವುದಿಲ್ಲ, ಅಲ್ಲವೆನ್ನಲೂ ಬರುವುದಿಲ್ಲ. ಹೌದು ಎಂದಾದವನ್ನು ಮಾತ್ರ ಅದು ಪಟ್ಟಿಗೆ ಸೇರಿಸುತ್ತದೆ. ಆದ್ದರಿಂದ ಆ 9 ಕರುಗಳು ಎರಡೂ ಪಟ್ಟಿಯಲ್ಲಿ ಇಲ್ಲ. ಲಸಿಕೆಯವರು 22 ಕರುಗಳ ಪಟ್ಟಿ ಹಿಡಿದು ಬಂದು ಹೋಗುತ್ತಾರೆ, ಎಲ್ಲವೂ ಮುಗಿಯಿತು ಎಂದೇ ಎಲ್ಲರೂ ತಿಳಿಯುತ್ತಾರೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. "ಹುಟ್ಟಿದ ದಿನಾಂಕ ಖಾಲಿ ಇರುವವನ್ನು ತೋರಿಸು" ಎಂದು ಮೂರನೆಯ ಪಟ್ಟಿಯನ್ನೂ ತೆಗೆಸಬೇಕು. ಪಟ್ಟಿ ತೆಗೆಯುವವರು ಮರೆತರೆ ತಾವೇ ಸಂಘದ ಕಾರ್ಯದರ್ಶಿಯವರ ಮುಖಾಂತರ ಕೇಳಿ. ಖಾಲಿ ಇದ್ದದ್ದೆಲ್ಲ ತಪ್ಪೂ ಅಲ್ಲ. ಇನ್ನೂ ಕರು ಹಾಕದ ಮಣಕದ 'ಕರು ಹಾಕಿದ ದಿನಾಂಕ' ಖಾಲಿಯೇ ಇರಬೇಕು. ಆದರೆ ನಡೆದಿಲ್ಲವೆಂದು ಬಿಟ್ಟ ಖಾಲಿ ಮತ್ತು ಬರೆಯಲು ಮರೆತ ಖಾಲಿ ಯಂತ್ರಕ್ಕೆ ಒಂದೇ. ಮನೆಗೆ ಹೋಗಿ ಕೇಳಿದರೇ ಗೊತ್ತಾಗುವುದು.

ಕೆಲವರು ಖಾಲಿ ಬೇಡವೆಂದು ಜನವರಿ 1 ಎಂದು ತುಂಬಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಖಾಲಿಗಿಂತ ಕೆಟ್ಟದ್ದು. ಖಾಲಿ ಇದ್ದರೆ ಹುಡುಕಿ ತೆಗೆಯಬಹುದು; ಸುಳ್ಳು ದಿನಾಂಕ ನಿಜದ ಹಾಗೆಯೇ ಕಾಣುತ್ತದೆ. ನಿಜವಾಗಿ ಅಕ್ಟೋಬರಿನಲ್ಲಿ ಹುಟ್ಟಿದ ಕರುವಿಗೆ ಜನವರಿ 1 ಎಂದು ಬರೆದರೆ, ಯಂತ್ರದ ಲೆಕ್ಕಕ್ಕೆ ಆಗಸ್ಟಿನವರೆಗೂ ಸಮಯವಿದೆ. ಕರುವಿಗೆ ಜೂನ್‌ನಲ್ಲೇ ಎಂಟು ತಿಂಗಳು ತುಂಬಿರುತ್ತದೆ.

ದಿನಾಂಕ ನೆನಪಿಲ್ಲದಿದ್ದರೆ ಹಬ್ಬ ಹೇಳಿ, ಪಂಚಾಂಗ ನೋಡಿ ತಾರೀಖು ತೆಗೆಯಬಹುದು. ಕಾರಹುಣ್ಣಿಮೆ, ಪಂಚಮಿ, ಎಳ್ಳಮಾವಾಸ್ಯೆ ಯಾವುದಾದರೂ ಸರಿ. ಆದರೆ ಅದು ಹೋದ ವರ್ಷದ್ದೋ ಈ ವರ್ಷದ್ದೋ, ಬಿಡಿಸಿ ಹೇಳಬೇಕು. 2024ರ ಒಂದೇ ಇಸವಿಯಲ್ಲಿ ಎಳ್ಳಮಾವಾಸ್ಯೆ ಎರಡು ಸಲ ಬಂದಿತ್ತು: ಜನವರಿ 11 ಮತ್ತು ಡಿಸೆಂಬರ್ 30. ಅಂದಾಜಿನ ದಿನವಾದರೆ 'ಅಂದಾಜು' ಎಂದೇ ವಹಿಯಲ್ಲಿ ಬರೆಸಿ.

ಗರ್ಭಧಾರಣೆಯ ದಿನಕ್ಕೂ ಇದೇ ಮಾತು. ಜನವರಿ 10ರಂದು ಮಾಡಿಸಿದ್ದರೆ ಆಕಳು ಸುಮಾರು 280 ದಿನಕ್ಕೆ, ಅಕ್ಟೋಬರ್ 17ರ ಸುಮಾರಿಗೆ ಕರು ಹಾಕುತ್ತದೆ. ಎಮ್ಮೆಯಾದರೆ 310 ದಿನ, ನವೆಂಬರ್ ಮಧ್ಯಕ್ಕೆ. ಅದಕ್ಕೆ ಎರಡು ತಿಂಗಳ ಮುಂಚೆ ಹಾಲು ಬತ್ತಿಸಬೇಕು. ದಿನಾಂಕವಿಲ್ಲದ ರಾಸು ಗರ್ಭ ಪರೀಕ್ಷೆಯ ಪಟ್ಟಿಗೂ ಬರುವುದಿಲ್ಲ, ಬತ್ತಿಸುವ ದಿನವೂ ತಿಳಿಯುವುದಿಲ್ಲ. ಕೊನೆಯವರೆಗೂ ಕರೆದರೆ ಮುಂದಿನ ಸೂಲಿನ ಹಾಲು ಕಡಿಮೆಯಾಗುತ್ತದೆ.

ಮನೆಯಲ್ಲಿ ಕರು ಹುಟ್ಟಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಸುತ್ತು ಹಾಕಿ, ತಾಯಿಯ ಕಿವಿಯೋಲೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಪಕ್ಕದಲ್ಲಿ ಬರೆಯಿರಿ. ಮರುದಿನ ಹಾಲು ಹಾಕಲು ಬಂದಾಗ ಸಂಘದಲ್ಲಿ ತಿಳಿಸಿ.