ವೃದ್ಧಾಶ್ರಮ: ಸೇರುವ ಮುನ್ನ ಹೊರಬರುವ ದಾರಿಯನ್ನೂ ಕೇಳಿ



ಸರಸಂಬಾ ಸುತ್ತಿನ ಊರುಗಳಲ್ಲಿ ಮಕ್ಕಳು ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದರೆ, ಎಮ್ಮೆ ಕಟ್ಟಿ ಡೈರಿಗೆ ಹಾಲು ಹಾಕುವವರು ಮನೆಯ ಹಿರಿಯರೇ. ಕೈಕಾಲು ಸೋತಾಗ "ಅವ್ವಗ ಆಶ್ರಮದಾಗ ಇಡಮೇನು?" ಎಂಬ ಮಾತು ಬರುತ್ತದೆ. ಆಗ ತಿಳಿದಿರಬೇಕಾದ ಕೆಲವು ವಿಷಯಗಳು ಇಲ್ಲಿವೆ.

ಯಾರಿಗೆ ಪ್ರವೇಶ?

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಪ್ರಕಾರ 60 ವರ್ಷ ತುಂಬಿದವರು ಹಿರಿಯ ನಾಗರಿಕರು. ಜಿಲ್ಲೆಗೆ ಒಂದರಂತೆ, ಕನಿಷ್ಠ 150 ಬಡ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮಗಳನ್ನು ಸರ್ಕಾರ ತೆರೆಯಬಹುದು ಎಂದು ಕಾಯ್ದೆ ಹೇಳುತ್ತದೆ. ಕೇಂದ್ರದ ಮಾದರಿ ನಿಯಮದಂತೆ, ಜಾಗಕ್ಕಿಂತ ಅರ್ಜಿ ಹೆಚ್ಚಾದರೆ ಹೆಚ್ಚು ಬಡವರಿಗೆ ಮೊದಲ ಆದ್ಯತೆ. ಜಾತಿ, ಧರ್ಮ ನೋಡುವಂತಿಲ್ಲ. ಗಂಡ-ಹೆಂಡತಿ ಜೊತೆಯಲ್ಲೇ ಇರಬಹುದು.

ಹೊರಗೆ ಬರುವುದು ಹೇಗೆ?

ಆಶ್ರಮ ಜೈಲಲ್ಲ. ಹಿರಿಯರು ತಮ್ಮ ಇಷ್ಟದಿಂದ ಮನೆಗೆ ಮರಳಬಹುದು. ಆದರೆ ಖಾಸಗಿ ಆಶ್ರಮಗಳ ಷರತ್ತು ಒಂದೊಂದು ಕಡೆ ಒಂದೊಂದು ಥರ. ಸಹಿ ಅಥವಾ ಹೆಬ್ಬೆಟ್ಟು ಒತ್ತುವ ಮುನ್ನ ಇವನ್ನು ಬರವಣಿಗೆಯಲ್ಲಿ ಪಡೆಯಿರಿ:

• ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರೋ, ಮನೆಗೆ ಕಳಿಸುತ್ತಾರೋ?
• ಕಳಿಸುವ ಮುನ್ನ ಎಷ್ಟು ದಿನ ಮೊದಲು ತಿಳಿಸುತ್ತಾರೆ?
• ಕಟ್ಟಿದ ಠೇವಣಿ ಎಷ್ಟು ದಿನದಲ್ಲಿ ವಾಪಸ್?
• ಆಸ್ಪತ್ರೆಗೆ ಸೇರಿಸಿದರೆ ಖರ್ಚು ಯಾರದು, ಜಾಗ ಕಾಯ್ದಿಡುತ್ತಾರೋ?

ಹೊಲ, ಮನೆ, ಹಾಲಿನ ದುಡ್ಡು

ಆಶ್ರಮದಿಂದ ಮರಳಬೇಕಾದರೆ ಮರಳಲು ಮನೆ ಇರಬೇಕು. ಹಾಗಾಗಿ ಆಶ್ರಮಕ್ಕೆ ಸೇರುವ ಅವಸರದಲ್ಲಿ ಹೊಲ-ಮನೆ ಬರೆದುಕೊಡಬೇಡಿ. ಮಕ್ಕಳಿಗೆ ದಾನಪತ್ರ ಮಾಡಿದರೂ "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ ಕಲಂ 23ರಡಿ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ರದ್ದು ಮಾಡಿಸುವುದು ಕಷ್ಟ.

ಹಾಲಿನ ಬಟವಾಡೆ, ಪಿಂಚಣಿ ಬರುವ ಬ್ಯಾಂಕ್ ಪಾಸ್‌ಬುಕ್ ಹಿರಿಯರ ಕೈಯಲ್ಲೇ ಇರಲಿ. ಎಮ್ಮೆ ಮಾರಿದರೆ ಆ ದುಡ್ಡು ಅವರ ಖಾತೆಗೇ ಹೋಗಲಿ. ಸಂಘದ ಸದಸ್ಯತ್ವ, ಷೇರು, ನಾಮಿನಿ ವಿವರವನ್ನು ಕಾರ್ಯದರ್ಶಿಯವರ ಬಳಿ ಒಮ್ಮೆ ಪರಿಶೀಲಿಸಿ.

ಮಕ್ಕಳ ಹೊಣೆ ಮುಗಿಯುವುದಿಲ್ಲ

ಆಶ್ರಮಕ್ಕೆ ಬಿಟ್ಟ ಮಾತ್ರಕ್ಕೆ ಮಕ್ಕಳ ಜವಾಬ್ದಾರಿ ತೀರದು. ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ (ಎಸಿ) ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರು ಬೇಕಿಲ್ಲ. ಅರ್ಜಿಯನ್ನು 90 ದಿನದಲ್ಲಿ ತೀರ್ಮಾನಿಸಬೇಕು, ವಿಶೇಷ ಕಾರಣವಿದ್ದರೆ ಇನ್ನೂ 30 ದಿನ. ಕಾಯ್ದೆಯಂತೆ ತಿಂಗಳಿಗೆ ₹10,000ದವರೆಗೆ ಜೀವನಾಂಶ ಕೊಡಿಸಬಹುದು. ಹಿರಿಯರನ್ನು ಎಲ್ಲೋ ಬಿಟ್ಟು ಕೈತೊಳೆದುಕೊಂಡರೆ 3 ತಿಂಗಳವರೆಗೆ ಜೈಲು ಅಥವಾ ₹5,000ದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಸಹಾಯಕ್ಕೆ ಹಿರಿಯರ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಓದಲು ಬಾರದ ಹಿರಿಯ ಸದಸ್ಯರಿಗೆ ಈ ವಿಷಯವನ್ನು ಸಂಘದ ಕಟ್ಟೆಯ ಮೇಲೆ ಓದಿ ಹೇಳಿ.